ಬಾಗಿಲಲ್ಲಿ ಕಳೆದದ್ದನ್ನು ರಸ್ತೆಯಲ್ಲಿ ಹುಡುಕುವವರು

ಮೊದಲು ನೀವೆಲ್ಲ ಒಂದು ಕೆಲಸ ಮಾಡಬೇಕು. ಈ ವಾರ ರಸ್ತೆಯಲ್ಲಿ ನಿಮಗೆ ಸಿಟ್ಟು ಬರಿಸಿದ ಒಂದು ಗಾಡಿಯನ್ನು ನೆನಪು ಮಾಡಿಕೊಳ್ಳಿ. ಸಂದಿಯಲ್ಲಿ ನುಗ್ಗಿ ಮುಂದೆ ಬಂದದ್ದೋ, ಸಿಗ್ನಲ್ ಹಸಿರಾಗುವ ಮೊದಲೇ ಹಿಂದಿನಿಂದ ಹಾರ್ನ್ ಒತ್ತಿದ್ದೋ, ಇಂಡಿಕೇಟರ್ ಹಾಕದೆ ಗಕ್ಕನೆ ನಿಂತದ್ದೋ. ಅದು ಸಾಮಾನು ತಲುಪಿಸುವ ಗಾಡಿ ಆಗಿದ್ದರೆ ಕೈ ಎತ್ತಿ. ನೋಡಿ, ಅರ್ಧ ಸಭೆಯ ಕೈ ಮೇಲಿದೆ. ನನ್ನದನ್ನೂ ಸೇರಿಸಿಕೊಳ್ಳಿ.

ದೊಡ್ಡ ಲಾರಿಗಳ ಮಾತು ಇವತ್ತು ಬೇಡ, ಅದು ಬೇರೆಯೇ ಪ್ರಪಂಚ. ನಾನು ಹೇಳುವುದು ಊರೊಳಗೆ ಓಡಾಡುವ ಚಿಕ್ಕ ಗೂಡ್ಸ್ ಗಾಡಿ, ಪಾರ್ಸೆಲ್ ವ್ಯಾನು, ಹಿಂದೆ ಡಬ್ಬ ಕಟ್ಟಿಕೊಂಡ ಬೈಕು, ಇವುಗಳ ಬಗ್ಗೆ. ಇವರು ಯಾಕೆ ಹೀಗೆ ಓಡಿಸುತ್ತಾರೆ ಅಂತ ಯಾರನ್ನಾದರೂ ಕೇಳಿ, ಉತ್ತರ ರೆಡಿ ಇರುತ್ತದೆ. ಕೊಬ್ಬು. ಗಾಡಿ ಅವರದ್ದಲ್ಲ, ಗೀಚಿದರೆ ಅವರಿಗೇನು. ಬುದ್ಧಿ ಇಲ್ಲ. ನಾನೂ ಹಲವು ವರ್ಷ ಇದೇ ಉತ್ತರ ಇಟ್ಟುಕೊಂಡಿದ್ದೆ. ಒಂದು ದಿನ ಪರಿಚಯದ ಡ್ರೈವರ್ ಒಬ್ಬರು ತಮ್ಮ ವ್ಯಾನಿನಲ್ಲಿ ಪಕ್ಕದ ಸೀಟಿಗೆ ಕೂರಿಸಿಕೊಂಡರು. ಬೆಳಿಗ್ಗೆಯಿಂದ ಸಂಜೆಯವರೆಗೆ ಕೂತಿದ್ದೆ. ಇಳಿಯುವಾಗ ನನ್ನ ಉತ್ತರ ನನ್ನ ಹತ್ತಿರ ಇರಲಿಲ್ಲ. ಇವತ್ತಿನ ಮಾತು ಹೆಚ್ಚಾಗಿ ಆ ಸೀಟಿನಲ್ಲಿ ಕೂತು ಕಂಡದ್ದು.

ಆ ದಿನ ಅವರ ಪಟ್ಟಿಯಲ್ಲಿ 76 ಮನೆ, ಅಂಗಡಿ, ಆಫೀಸು ಇದ್ದವು. ಎಂಟು ಗಂಟೆಯ ಕೆಲಸ, ಅಂದರೆ 480 ನಿಮಿಷ. ಭಾಗಿಸಿ ನೋಡಿ, ಒಂದು ವಿಳಾಸಕ್ಕೆ ಆರು ನಿಮಿಷ, ಮೇಲೆ ಸ್ವಲ್ಪ ಚಿಲ್ಲರೆ. ಆದರೆ ಗೋಡೌನಿನಲ್ಲಿ ಮುಂದೆ ನಿಂತ ಗಾಡಿ ಲೋಡ್ ಆಗುವವರೆಗೆ ಇವರು ಕಾಯಬೇಕಾಯಿತು. ನಲವತ್ತು ನಿಮಿಷ ಅಲ್ಲೇ ಹೋಯಿತು. ಈಗ ಉಳಿದದ್ದು 440 ನಿಮಿಷ. ತಲಾ ಆರು ನಿಮಿಷವೂ ಇಲ್ಲ. ಗಾಡಿ ಇನ್ನೂ ಗೇಟು ದಾಟಿಲ್ಲ, ಆಗಲೇ ತಡ ಆಗಿದೆ.

ಆ ಆರು ನಿಮಿಷದಲ್ಲಿ ಏನೇನು ನಡೆಯಬೇಕು ಗೊತ್ತಾ? ಮುಂದಿನ ವಿಳಾಸಕ್ಕೆ ಓಡಿಸಬೇಕು. ಮನೆ ನಂಬರ್ ಹುಡುಕಬೇಕು. 14ರ ಪಕ್ಕ 15 ಇರುತ್ತದೆ ಅನ್ನುವ ನಂಬಿಕೆ ನಿಮಗಿದ್ದರೆ ನೀವು ಯಾವತ್ತೂ ಪಾರ್ಸೆಲ್ ಹಂಚಿಲ್ಲ ಅಂತ ಅರ್ಥ. ಆಮೇಲೆ ನಿಲ್ಲಿಸಲು ಜಾಗ ಹುಡುಕಬೇಕು. ಹಿಂದಿನ ಬಾಗಿಲು ತೆಗೆದು, ಎಪ್ಪತ್ತು ಡಬ್ಬಗಳಲ್ಲಿ ಒಂದನ್ನು ಎಳೆಯಬೇಕು. ಮೆಟ್ಟಿಲು ಹತ್ತಬೇಕು. ಬೆಲ್ ಒತ್ತಬೇಕು. ಕಾಯಬೇಕು. ಸಹಿ ಹಾಕಿಸಿಕೊಳ್ಳಬೇಕು ಇಲ್ಲವೇ ಫೋಟೋ ತೆಗೆಯಬೇಕು. ಇಳಿದು ಬಂದು ಮತ್ತೆ ಸೀಟಿಗೆ ಹತ್ತಬೇಕು. ಇದರಲ್ಲಿ ಓಡಿಸುವುದು ಎಷ್ಟು ಹೊತ್ತು? ನಾನು ವಾಚ್ ನೋಡಿಕೊಂಡು ಕೂತಿದ್ದೆ. ಹೆಚ್ಚಿನ ಸಲ ಎರಡು ನಿಮಿಷದ ಆಸುಪಾಸು. ನಾವು ಅವರನ್ನು ಡ್ರೈವರ್ ಅಂತ ಕರೆಯುತ್ತೇವೆ. ದಿನದ ಹೆಚ್ಚು ಹೊತ್ತು ಅವರು ಮಾಡುವುದು ಮೆಟ್ಟಿಲು ಹತ್ತಿ ಇಳಿಯುವ ಕೆಲಸ.

ಒಂಬತ್ತನೆಯ ವಿಳಾಸ ನನಗೆ ಚೆನ್ನಾಗಿ ನೆನಪಿದೆ. ಐದನೇ ಮಹಡಿ. ಬೆಲ್ ಒತ್ತಿದರು, ಯಾರೂ ಬರಲಿಲ್ಲ. ಫೋನ್ ಮಾಡಿದರು. ಆ ಕಡೆಯಿಂದ "ಒಂದೇ ನಿಮಿಷ, ಬಂದೆ" ಅಂದರು. ಆ ಒಂದು ನಿಮಿಷ ಐದಾಯಿತು. ಬಾಗಿಲು ತೆಗೆದವರು ಒದ್ದೆ ಕೈಯಲ್ಲೇ ಡಬ್ಬ ತೆಗೆದುಕೊಂಡು, "ಪಾಪ, ಕಾಯಿಸಿಬಿಟ್ಟೆ ಅಲ್ವಾ" ಅಂದರು. ಇವರು ನಕ್ಕು "ಪರವಾಗಿಲ್ಲ ಮೇಡಂ" ಅಂದರು. ಇಳಿದು ಬಂದು ಗಾಡಿ ಹತ್ತಿದವರೇ, ಬೆಲ್ಟ್ ಎಳೆಯುತ್ತಲೇ ಗೇರ್ ಹಾಕಿದರು. ಮುಂದಿನ ತಿರುವಿನಲ್ಲಿ ಒಬ್ಬ ಸ್ಕೂಟರಿನವರು ತಮ್ಮ ಪಾಡಿಗೆ ತಾವು ಬರುತ್ತಿದ್ದರು. ಅವರ ಮುಂದೆಯೇ ವ್ಯಾನು ತೂರಿಸಿ, ಅವರು ಬ್ರೇಕ್ ಹಿಡಿಯುವ ಹಾಗೆ ಮಾಡಿ, ಹಾರ್ನ್ ಬೇರೆ ಹೊಡೆದರು. ಅತ್ತೆ ಮೇಲಿನ ಕೋಪ ಕೊತ್ತಿ ಮೇಲೆ ಅಂತಾರಲ್ಲ, ಅದು ನನ್ನ ಕಣ್ಣೆದುರೇ ನಡೆಯಿತು. ಆ ಸ್ಕೂಟರಿನವರು ಮನೆಗೆ ಹೋಗಿ ಡೆಲಿವರಿ ಗಾಡಿಯವರ ಬಗ್ಗೆ ಏನು ಹೇಳಿರಬಹುದು ಅಂತ ನನಗೆ ಗೊತ್ತು. ಐದನೇ ಮಹಡಿಯ ಬಾಗಿಲು ಅವರ ಕಥೆಯಲ್ಲಿ ಇರುವುದಿಲ್ಲ.

ಈಗ ಒಂದು ಸಣ್ಣ ಲೆಕ್ಕ ಮಾಡೋಣ. ಬಾಗಿಲಲ್ಲಿ ಹೋದದ್ದು ಐದು ನಿಮಿಷ, ಅಂದರೆ 300 ಸೆಕೆಂಡು. ಎರಡು ನಿಮಿಷದ ದಾರಿಯಲ್ಲಿ ನುಗ್ಗಿ, ತೂರಿಸಿ, ಹಳದಿ ದೀಪಕ್ಕೆ ಹಾರಿ, ಎಷ್ಟು ಉಳಿಸಬಹುದು? ಧಾರಾಳವಾಗಿ 15 ಸೆಕೆಂಡು ಅಂತ ಇಟ್ಟುಕೊಳ್ಳಿ. ಹಾಗಿದ್ದರೆ ಒಂದು ಬಾಗಿಲಲ್ಲಿ ಹೋದದ್ದನ್ನು ವಾಪಸ್ ತರಲು 20 ಸಲ ಹಾಗೆ ಓಡಿಸಬೇಕು. ಇಪ್ಪತ್ತು ತುಂಡು ದಾರಿ. ಆ ಇಪ್ಪತ್ತರಲ್ಲಿ ಎದುರು ಬರುವವರು, ರಸ್ತೆ ದಾಟುವವರು, ಸೈಕಲ್ಲಿನಲ್ಲಿ ಹೋಗುವ ಮಕ್ಕಳು, ಇವರೆಲ್ಲ ಸೇರಿ ಒಂದು ಬಾಗಿಲಿನ ಸಾಲ ತೀರಿಸಬೇಕು. ಅಷ್ಟರೊಳಗೆ ಇನ್ನೊಂದು ಬಾಗಿಲು ತಡವಾಗಿ ತೆರೆಯುತ್ತದೆ.

ಹಾಗಾದರೆ ಅವರು ಅದನ್ನು ರಸ್ತೆಯಲ್ಲಿಯೇ ಯಾಕೆ ಹುಡುಕುತ್ತಾರೆ? ಅಲ್ಲಿ ಸಿಗುವುದಿಲ್ಲ ಅಂತ ಅವರಿಗೆ ಗೊತ್ತಿಲ್ಲವಾ? ನಾನು ಮಧ್ಯಾಹ್ನ ಇದನ್ನೇ ಕೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ನಿದ್ದು, "ಸಾರ್, ಲಿಫ್ಟಿಗೆ ಹಾರ್ನ್ ಹೊಡೆಯೋಕಾಗಲ್ಲ" ಅಂದರು.

ಇಡೀ ವಿಷಯ ಆ ಮಾತಿನಲ್ಲಿದೆ ಅಂತ ನನಗನಿಸುತ್ತದೆ. ಗೋಡೌನಿನಲ್ಲಿ ಕೂಗಾಡಿದರೆ ನಾಳೆ ಕೆಲಸ ಇರುವುದಿಲ್ಲ. ಗಿರಾಕಿ ಹತ್ತಿರ ಮುಖ ಗಂಟು ಹಾಕಿಕೊಂಡರೆ ಫೋನಿನಲ್ಲಿ ನಕ್ಷತ್ರ ಕಡಿಮೆ ಬೀಳುತ್ತದೆ. ಲಿಫ್ಟು ಅವರ ಮಾತು ಕೇಳುವುದಿಲ್ಲ, ಗೇಟಿನ ಕಾವಲುಗಾರ ಕೇಳುವುದಿಲ್ಲ, ಪಟ್ಟಿ ಮಾಡಿದ ಕಂಪ್ಯೂಟರ್ ಅಂತೂ ಕೇಳುವುದೇ ಇಲ್ಲ. ಅವರ ಮಾತು ಕೇಳುವ ವಸ್ತು ಇಡೀ ದಿನದಲ್ಲಿ ಒಂದೇ, ಬಲಗಾಲಿನ ಕೆಳಗಿರುವ ಪೆಡಲ್. ಒತ್ತಿದರೆ ಗಾಡಿ ಮುಂದೆ ಹೋಗುತ್ತದೆ. ಏನೋ ಮಾಡುತ್ತಿದ್ದೇನೆ ಅನ್ನುವ ಸಮಾಧಾನ ಅಲ್ಲಿ ಮಾತ್ರ ಸಿಗುತ್ತದೆ.

ಆ ಸಮಾಧಾನ ಸುಳ್ಳು ಅನ್ನುವುದು ಬೇರೆ ಮಾತು. ಸುಳ್ಳು ಅಂತ ಕಾಣದ ಹಾಗೆ ನಮ್ಮ ತಲೆಯೇ ಏರ್ಪಾಟು ಮಾಡಿಕೊಂಡಿದೆ. ಸ್ವೀಡನ್ನಿನ ಮನಶ್ಶಾಸ್ತ್ರಜ್ಞ ಓಲಾ ಸ್ವೆನ್ಸನ್ ಇದರ ಮೇಲೆ ಬಹಳ ಕೆಲಸ ಮಾಡಿದ್ದಾರೆ. ನಿಮಗೇ ಒಂದು ಪ್ರಶ್ನೆ. ಹತ್ತು ಕಿಲೋಮೀಟರ್ ದಾರಿ. ಗಂಟೆಗೆ 60 ಇದ್ದ ವೇಗವನ್ನು 80 ಮಾಡಿದರೆ ಜಾಸ್ತಿ ಸಮಯ ಉಳಿಯುತ್ತದಾ, 20 ಇದ್ದದ್ದನ್ನು 30 ಮಾಡಿದರಾ? ಮೊದಲನೆಯದು ಅಂತ ಇಲ್ಲೇ ಯಾರೋ ಅಂದರು. ಅಲ್ಲ. ಮೊದಲನೆಯದರಲ್ಲಿ ಹತ್ತು ನಿಮಿಷದ ದಾರಿ ಏಳೂವರೆ ಆಗುತ್ತದೆ, ಉಳಿದದ್ದು ಎರಡೂವರೆ ನಿಮಿಷ. ಎರಡನೆಯದರಲ್ಲಿ ಮೂವತ್ತು ನಿಮಿಷ ಇಪ್ಪತ್ತಾಗುತ್ತದೆ, ಉಳಿದದ್ದು ಪೂರ್ತಿ ಹತ್ತು. ಮೊದಲೇ ಜೋರಾಗಿ ಹೋಗುತ್ತಿರುವಾಗ ಇನ್ನೂ ಜೋರು ಮಾಡಿದರೆ ಸಿಗುವ ಲಾಭವನ್ನು ನಾವು ಹೆಚ್ಚಾಗಿ ಅಂದಾಜು ಮಾಡುತ್ತೇವೆ. ನಿಧಾನವಾದ ಕಡೆ ಸ್ವಲ್ಪ ಚುರುಕು ಮಾಡಿದರೆ ಸಿಗುವುದನ್ನು ಕಡಿಮೆ ಅಂದುಕೊಳ್ಳುತ್ತೇವೆ. ಡೆಲಿವರಿ ಕೆಲಸದಲ್ಲಿ ತೀರಾ ನಿಧಾನದ ಭಾಗ ಯಾವುದು? ಗಾಡಿ ನಿಂತೇ ಇರುವ ಹೊತ್ತು. ಉಳಿತಾಯ ಇರುವುದೂ ಅಲ್ಲಿಯೇ.

ಪಕ್ಕದ ಸಾಲಿನ ಮೋಸ ಇನ್ನೊಂದು. ಟ್ರಾಫಿಕ್ಕಿನಲ್ಲಿ ನಿಂತಾಗ ಪಕ್ಕದ ಸಾಲು ಯಾವಾಗಲೂ ಬೇಗ ಹೋಗುತ್ತದೆ, ಅಲ್ವಾ? ರೆಡೆಲ್ಮೈಯರ್ ಮತ್ತು ಟಿಬ್ಶಿರಾನಿ ಅನ್ನುವ ಇಬ್ಬರು ಸಂಶೋಧಕರು 1999ರಲ್ಲಿ ನೇಚರ್ ಅನ್ನುವ ವಿಜ್ಞಾನ ಪತ್ರಿಕೆಯಲ್ಲಿ ಇದರ ಗುಟ್ಟು ಬರೆದರು. ಎರಡೂ ಸಾಲಿನ ಸರಾಸರಿ ವೇಗ ಒಂದೇ ಇದ್ದರೂ ಹಾಗೆ ಕಾಣುತ್ತದೆ. ಯಾಕೆಂದರೆ ನೀವು ಮುಂದೆ ಹೋಗುವಾಗ ನಿಂತ ಗಾಡಿಗಳನ್ನು ಗುಂಪುಗುಂಪಾಗಿ ಕ್ಷಣದಲ್ಲಿ ದಾಟಿಬಿಡುತ್ತೀರಿ. ನೀವು ನಿಂತಾಗ ಅವರು ಒಬ್ಬೊಬ್ಬರಾಗಿ, ಸಾವಕಾಶವಾಗಿ, ನಿಮ್ಮ ಮುಖ ನೋಡಿಕೊಂಡು ಹೋಗುತ್ತಾರೆ. ಗೆದ್ದದ್ದು ಸೆಕೆಂಡುಗಳಲ್ಲಿ ಮುಗಿಯುತ್ತದೆ, ಸೋತದ್ದು ನಿಮಿಷಗಟ್ಟಲೆ ನಡೆಯುತ್ತದೆ. ದಿನವಿಡೀ ಇದನ್ನೇ ನೋಡುವವರು ಸಾಲು ಬದಲಾಯಿಸುತ್ತಲೇ ಇದ್ದರೆ ಆಶ್ಚರ್ಯ ಏನು?

ಇನ್ನು ಒಂದು ವಿಷಯ ಇದೆ, ಅದು ನನಗೆ ಪಕ್ಕದ ಸೀಟಿನಲ್ಲಿ ಕೂರದೆ ಗೊತ್ತಾಗುತ್ತಲೇ ಇರಲಿಲ್ಲ. ತುಂಬಿದ ಚಿಕ್ಕ ಗಾಡಿಗೆ ಬ್ರೇಕ್ ಹಾಕುವುದು ಅಂದರೆ ಸಂಪಾದನೆ ಕಳೆದುಕೊಂಡ ಹಾಗೆ. ಚಿಕ್ಕ ಎಂಜಿನ್, ಭಾರ ಜಾಸ್ತಿ. ಒಮ್ಮೆ ನಿಂತರೆ ಮತ್ತೆ ಮೊದಲನೇ ಗೇರು, ಗರ್ರ್ ಅಂತ ಎಳೆತ, ಎರಡನೇ ಗೇರು, ಆಗಲೇ ಮುಂದಿನವರು ನಿಂತಿರುತ್ತಾರೆ. ಅವರ ಕ್ಲಚ್ ಪೆಡಲಿನ ರಬ್ಬರ್ ಒಂದು ಕಡೆ ಪೂರ್ತಿ ಸವೆದು ಕಬ್ಬಿಣ ಮಿನುಗುತ್ತಿತ್ತು. ಮಧ್ಯಾಹ್ನದ ಹೊತ್ತಿಗೆ ಎಡ ಮಂಡಿಯನ್ನು ಕೈಯಲ್ಲಿ ಒತ್ತಿಕೊಳ್ಳಲು ಶುರು ಮಾಡಿದ್ದರು. ಆಗ ನನಗೆ ಒಂದು ಹೊಳೆಯಿತು. ಎದುರು ಬರುವವರಿಗೆ ಇವರು ದಾರಿ ಬಿಡದೆ ನುಗ್ಗುವುದು ಬರೀ ಹಟದಿಂದಲ್ಲ. ಗಾಡಿಗೆ ಬಂದ ಓಟವನ್ನು ಬಿಟ್ಟುಕೊಡಲು ಇಷ್ಟ ಇಲ್ಲ, ಅಷ್ಟೇ. ಹಾರ್ನ್ ಅವರಿಗೆ ಬ್ರೇಕಿನ ಬದಲಿ. "ನೀನು ನಿಲ್ಲು, ನಾನು ನಿಂತರೆ ಮತ್ತೆ ಎಳೆಯೋದು ಕಷ್ಟ" ಅಂತ ಅದರ ಅರ್ಥ. ಹೊರಗಿರುವ ನಮಗೆ ಅದು "ತೊಲಗು" ಅಂತ ಕೇಳಿಸುತ್ತದೆ.

ಇದರ ಅಪಾಯ ಎಲ್ಲಿದೆ ಅಂದರೆ, ಭೌತಶಾಸ್ತ್ರಕ್ಕೆ ಮಂಡಿನೋವು ಗೊತ್ತಿಲ್ಲ. ಬ್ರೇಕ್ ಹಿಡಿದ ಮೇಲೂ ಗಾಡಿ ಉರುಳುವ ದೂರ ವೇಗದ ವರ್ಗದ, ಅಂದರೆ ವೇಗವನ್ನು ವೇಗದಿಂದಲೇ ಗುಣಿಸಿದ, ಲೆಕ್ಕದಲ್ಲಿ ಬೆಳೆಯುತ್ತದೆ. 40ರಲ್ಲಿ ಹೋಗುತ್ತಿದ್ದವರು 50ಕ್ಕೆ ಏರಿಸಿದರೆ ವೇಗ ಹೆಚ್ಚಿದ್ದು ಕಾಲು ಭಾಗ ಮಾತ್ರ. ನಿಲ್ಲಲು ಬೇಕಾದ ಆ ದೂರ ಅರ್ಧಕ್ಕಿಂತ ಜಾಸ್ತಿ ಹೆಚ್ಚುತ್ತದೆ. ಬ್ರೇಕಿಗೆ ಕಾಲು ಹೋಗುವ ಮೊದಲೇ, 50ರ ವೇಗದಲ್ಲಿ ಒಂದು ಸೆಕೆಂಡಿಗೆ ಸುಮಾರು 14 ಮೀಟರ್ ದಾಟಿರುತ್ತದೆ. ಅಂದರೆ ಈ ಹಾಲಿನ ಆ ಗೋಡೆಯಿಂದ ಈ ವೇದಿಕೆಯವರೆಗೆ, ಕಣ್ಣು ರೆಪ್ಪೆ ಬಡಿಯುವಷ್ಟರಲ್ಲಿ. ಆ ದಿನ ನಾನು ನಾಲ್ಕೈದು ಸಲ ಇಲ್ಲದ ಬ್ರೇಕನ್ನು ನನ್ನ ಕಾಲಿನಲ್ಲಿ ಒತ್ತಿದ್ದೇನೆ. ಹಾಗಾಗಿ ಅವರ ಪರವಾಗಿ ವಕಾಲತ್ತು ಮಾಡಲು ಬಂದಿದ್ದೇನೆ ಅಂದುಕೊಳ್ಳಬೇಡಿ. ಕಾರಣ ಗೊತ್ತಾದ ಮಾತ್ರಕ್ಕೆ ತಪ್ಪು ಸರಿಯಾಗುವುದಿಲ್ಲ.

ಸ್ವಲ್ಪ ದಾರಿ ಬಿಟ್ಟು ಹೋಗುತ್ತೇನೆ, ಆದರೆ ಈ ಕಥೆ ಹೇಳದಿದ್ದರೆ ನನಗೆ ನಿದ್ದೆ ಬರುವುದಿಲ್ಲ. 1973ರಲ್ಲಿ ಡಾರ್ಲಿ ಮತ್ತು ಬ್ಯಾಟ್ಸನ್ ಅನ್ನುವ ಇಬ್ಬರು ಮನಶ್ಶಾಸ್ತ್ರಜ್ಞರು ಅಮೆರಿಕದ ಪ್ರಿನ್ಸ್‌ಟನ್ನಿನಲ್ಲಿ ಪಾದ್ರಿಗಳಾಗಲು ಓದುತ್ತಿದ್ದ ಹುಡುಗರ ಮೇಲೆ ಒಂದು ಪ್ರಯೋಗ ಪ್ರಕಟಿಸಿದರು. ಪಕ್ಕದ ಕಟ್ಟಡಕ್ಕೆ ಹೋಗಿ ಚಿಕ್ಕ ಭಾಷಣ ಮಾಡಬೇಕು. ಕೆಲವರಿಗೆ ಕೊಟ್ಟ ವಿಷಯ, ದಾರಿಯಲ್ಲಿ ಬಿದ್ದವನನ್ನು ಎತ್ತಿದ ಬೈಬಲ್ಲಿನ ಒಳ್ಳೆಯ ಸಮಾರ್ಯದವನ ಕಥೆ. ಹೋಗುವ ದಾರಿಯಲ್ಲಿ ಒಬ್ಬ ಮನುಷ್ಯನನ್ನು ಮುದುಡಿಕೊಂಡು ಕೆಮ್ಮುತ್ತಾ ಕೂರಿಸಿದ್ದರು. ಸಮಯ ಇದೆ ಅಂತ ಹೇಳಿಸಿಕೊಂಡವರಲ್ಲಿ 63 ಶೇಕಡಾ ಜನ ನೆರವಿಗೆ ನಿಂತರು. ತಡವಾಗಿದೆ, ಓಡು ಅಂತ ಹೇಳಿಸಿಕೊಂಡವರಲ್ಲಿ ನಿಂತವರು 10 ಶೇಕಡಾ. ಯಾವ ವಿಷಯದ ಮೇಲೆ ಭಾಷಣ ಅನ್ನುವುದು ಹೇಳಿಕೊಳ್ಳುವಂಥ ವ್ಯತ್ಯಾಸ ಮಾಡಲಿಲ್ಲ. ಕರುಣೆಯ ಬಗ್ಗೆ ಮಾತಾಡಲು ಹೋಗುತ್ತಾ, ಕೆಮ್ಮುವವನನ್ನು ದಾಟಿಕೊಂಡು ಹೋದವರೂ ಅವರಲ್ಲಿದ್ದರು. ಅವರು ಕೆಟ್ಟವರಾ? ಅಲ್ಲ. ಅವರಿಗೆ ತಡವಾಗಿತ್ತು. ಅದೂ ಒಂದು ಸಲ, ಕೆಲವು ನಿಮಿಷ. ಇವರಿಗೆ ದಿನಕ್ಕೆ 76 ಸಲ ತಡವಾಗುತ್ತದೆ.

ಈಗ ದುಡ್ಡಿನ ವಿಷಯ. ಪಾರ್ಸೆಲ್ಲಿಗೆ ಇಷ್ಟು, ಟ್ರಿಪ್ಪಿಗೆ ಇಷ್ಟು ಅಂತ ಕೂಲಿ ಇದ್ದಲ್ಲಿ ಕಾಯುವ ಹೊತ್ತಿಗೆ ದುಡ್ಡಿಲ್ಲ. ಲೋಡಿಂಗಿಗೆ ಕಾದರೆ ನಷ್ಟ ಕಂಪನಿಯದ್ದಲ್ಲ. ನೀವು ಬಾಗಿಲು ತೆಗೆಯಲು ತಡ ಮಾಡಿದರೆ ನಷ್ಟ ನಿಮ್ಮದೂ ಅಲ್ಲ. ಎಲ್ಲರ ತಡವೂ ಹರಿದು ಬಂದು ನಿಲ್ಲುವುದು ಒಂದೇ ಕಡೆ, ಸ್ಟೇರಿಂಗ್ ಹಿಡಿದವರ ಹತ್ತಿರ. ಗಂಟೆ ಲೆಕ್ಕದ ಸಂಬಳ ಇದ್ದಲ್ಲೂ ಪಟ್ಟಿ ಮುಗಿಯದೆ ಬಿಡುಗಡೆ ಇಲ್ಲ ಅಂದರೆ ಹೆಚ್ಚುಕಮ್ಮಿ ಅದೇ ಕಥೆ. ಪಟ್ಟಿ ಮುಗಿದರೆ ಮನೆಗೆ ಹೋಗಬಹುದು ಅಂದಾಗ ರಸ್ತೆಯಲ್ಲಿ ಗೆದ್ದ ಪ್ರತಿ ಸೆಕೆಂಡೂ ತನ್ನದು ಅನಿಸುತ್ತದೆ.

ಬೇಗ ತಲುಪಿಸುತ್ತೇವೆ ಅನ್ನುವ ಭರವಸೆಯನ್ನು ಕೊಡುವವರು ಒಬ್ಬರು, ಉಳಿಸಿಕೊಳ್ಳಬೇಕಾದವರು ಇನ್ನೊಬ್ಬರು. ಇದರ ಹಳೆಯ ಉದಾಹರಣೆ ಡಾಮಿನೋಸ್ ಪಿಜ್ಜಾ ಕಂಪನಿಯ 30 ನಿಮಿಷದ ಭರವಸೆ. 1989ರಲ್ಲಿ ಅಮೆರಿಕದ ಸೇಂಟ್ ಲೂಯಿಸ್‌ನಲ್ಲಿ ಅವರ ಡೆಲಿವರಿ ಡ್ರೈವರ್ ಒಬ್ಬ ಕೆಂಪು ದೀಪ ದಾಟಿ ಒಂದು ಕಾರಿಗೆ ಗುದ್ದಿದ, ಕಾರಿನಲ್ಲಿದ್ದ ಮಹಿಳೆಗೆ ಗಾಯವಾಯಿತು. 1993ರ ಡಿಸೆಂಬರಿನಲ್ಲಿ ಅಲ್ಲಿನ ಜ್ಯೂರಿ, ಅಂದರೆ ಕೋರ್ಟಿನಲ್ಲಿ ತೀರ್ಪು ಹೇಳುವ ಸಾಮಾನ್ಯ ನಾಗರಿಕರ ಗುಂಪು, ಕಂಪನಿ 7 ಕೋಟಿ 80 ಲಕ್ಷ ಡಾಲರಿಗಿಂತ ಹೆಚ್ಚು ಕೊಡಬೇಕು ಅಂತ ತೀರ್ಪು ಕೊಟ್ಟಿತು. ಕೆಲವೇ ದಿನಗಳಲ್ಲಿ ಕಂಪನಿ ಅಮೆರಿಕದಲ್ಲಿ ಆ ಭರವಸೆಯನ್ನು ಕೈಬಿಟ್ಟಿತು. ನನಗೆ ಇದರಲ್ಲಿ ಇಷ್ಟವಾಗುವುದು ಒಂದು ವಿಷಯ. ಜ್ಯೂರಿ ಪೆಡಲ್ ಒತ್ತಿದ ಕಾಲಿನಲ್ಲೇ ನಿಲ್ಲದೆ ಗಡಿಯಾರ ಇಟ್ಟವರವರೆಗೂ ಹೋಯಿತು.

ಇವತ್ತು ಆ ಗಡಿಯಾರ ನಮ್ಮ ಕೈಗೂ ಬಂದಿದೆ. ಫೋನಿನ ನಕ್ಷೆಯಲ್ಲಿ ಗಾಡಿಯ ಚಿತ್ರ ಓಡುವುದನ್ನು ನೋಡುತ್ತಾ ಕೂರುತ್ತೇವೆ. "ಅಯ್ಯೋ, ಈ ತಿರುವಿನಲ್ಲಿ ಯಾಕೆ ನಿಂತ?" ನಾನೂ ಹಾಗೆ ಕೂತಿದ್ದೇನೆ. ಎಂಟು ನಿಮಿಷದಲ್ಲಿ ಬರಲಿ ಅಂತ ಕಾದಿದ್ದೇನೆ, ಬೆಲ್ ಹೊಡೆದಾಗ ಚಪ್ಪಲಿ ಹುಡುಕಿದ್ದೇನೆ.

ಎಲ್ಲವನ್ನೂ ಇದೇ ಗೂಟಕ್ಕೆ ಕಟ್ಟಲಾಗುವುದಿಲ್ಲ, ಅದನ್ನೂ ಹೇಳಬೇಕು. ಕೆಲವರಿಗೆ ನುಗ್ಗುವುದೇ ಖುಷಿ. ಪಟ್ಟಿ ಇಲ್ಲದಿದ್ದರೂ ಅವರು ನುಗ್ಗುತ್ತಾರೆ, ಮತ್ತು ಅಂಥವರು ಸ್ವಂತ ಕಾರಿನಲ್ಲೂ ಬೇಕಾದಷ್ಟಿದ್ದಾರೆ. ಆದರೆ ಸ್ವಂತ ಕಾರಿನವರು ದಿನಕ್ಕೆ ಒಂದು ಗಂಟೆ ರಸ್ತೆಯಲ್ಲಿದ್ದರೆ ಇವರು ಎಂಟು, ಹತ್ತು ಗಂಟೆ ಇರುತ್ತಾರೆ. ಕಾರಿನಲ್ಲಿ ಯಾರೋ ಅಡ್ಡ ಬಂದರೆ "ಯಾರೋ ಒಬ್ಬ" ಅನ್ನುತ್ತೇವೆ, ವ್ಯಾನು ಬಂದರೆ "ಈ ಡೆಲಿವರಿಯವರು" ಅನ್ನುತ್ತೇವೆ. ಗಾಡಿಯ ಮೇಲೆ ಬರೆದ ಹೆಸರು ಸಿಟ್ಟಿಗೆ ಒಂದು ವಿಳಾಸ ಕೊಡುತ್ತದೆ. ಇನ್ನು ಗಕ್ಕನೆ ನಿಲ್ಲುವುದು, ತೆವಳಿಕೊಂಡು ಹೋಗುವುದು, ರಸ್ತೆಗೆ ಅಡ್ಡ ನಿಲ್ಲಿಸುವುದು. ಇದರಲ್ಲಿ ಹೆಚ್ಚಿನದು ದರ್ಪ ಅಲ್ಲ, ಮನೆ ನಂಬರ್ ಹುಡುಕಾಟ. ಕಟ್ಟಡ ಕಟ್ಟುವಾಗ ಕಾರಿಗೆ ಜಾಗ ಬಿಡುತ್ತಾರೆ, ಐದು ನಿಮಿಷ ನಿಂತು ಸಾಮಾನು ಇಳಿಸುವ ಗಾಡಿಗೆ ಬಿಡುವುದು ಅಪರೂಪ.

ಹಾಗಾದರೆ ಸಮಯ ನಿಜವಾಗಿ ಎಲ್ಲಿ ಸಿಗುತ್ತದೆ? ಪೆಡಲಿನಲ್ಲಿ ಅಲ್ಲ, ಪಟ್ಟಿ ಮಾಡುವ ಮೇಜಿನ ಮೇಲೆ ಸಿಗುತ್ತದೆ. ಅಮೆರಿಕದ ಯುಪಿಎಸ್ ಅನ್ನುವ ಪಾರ್ಸೆಲ್ ಕಂಪನಿಯ ಕಥೆ ನಿಮ್ಮಲ್ಲಿ ಕೆಲವರಿಗೆ ಗೊತ್ತಿರಬಹುದು. ಅಲ್ಲಿ ಗಾಡಿಗಳು ರಸ್ತೆಯ ಬಲಬದಿಯಲ್ಲಿ ಓಡುತ್ತವೆ. ಎಡಕ್ಕೆ ತಿರುಗಬೇಕಾದರೆ ಎದುರು ಬರುವವರನ್ನು ಅಡ್ಡ ದಾಟಬೇಕು. ಅದಕ್ಕಾಗಿ ಎಂಜಿನ್ ಉರಿಸಿಕೊಂಡು ಕಾಯಬೇಕು, ಅಪಘಾತದ ಭಯವೂ ಇದೆ. ಹಾಗಾಗಿ ಆದಷ್ಟು ಎಡ ತಿರುವು ಬಾರದ ಹಾಗೆ ಅವರು ದಾರಿ ಹೊಂದಿಸುತ್ತಾರೆ. ದಾರಿ ಕೆಲವೊಮ್ಮೆ ಉದ್ದವಾಗುತ್ತದೆ, ಆದರೂ ಸಮಯ ಮತ್ತು ಇಂಧನ ಉಳಿಯುತ್ತದೆ ಅಂತ ಅವರ ಲೆಕ್ಕ. ಡ್ರೈವರಿಗೆ "ತಾಳ್ಮೆ ಇರಲಿ" ಅಂತ ಬೋರ್ಡ್ ತೂಗುಹಾಕುವುದಕ್ಕಿಂತ ತಾಳ್ಮೆಯ ಅಗತ್ಯವೇ ಬೀಳದ ದಾರಿ ಕೊಡುವುದು ನನಗೆ ಹೆಚ್ಚು ಗೌರವದ ಕೆಲಸ ಅನಿಸುತ್ತದೆ. ವ್ಯಾನುಗಳ ಹಿಂದೆ ಅಂಟಿಸುವ "ನನ್ನ ಚಾಲನೆ ಹೇಗಿದೆ, ಫೋನ್ ಮಾಡಿ" ಅನ್ನುವ ಚೀಟಿ ಬಗ್ಗೆ ನನಗೆ ಅಂಥ ನಂಬಿಕೆ ಇಲ್ಲ. "ನಮ್ಮ ಪಟ್ಟಿ ಹೇಗಿದೆ" ಅಂತ ಕೇಳುವ ಚೀಟಿಯನ್ನು ನಾನಂತೂ ನೋಡಿಲ್ಲ.

ಆ ದಿನದ ಕೊನೆ ಹೇಳಿ ಮುಗಿಸುತ್ತೇನೆ. ಕತ್ತಲಾಗುವ ಹೊತ್ತಿಗೆ 75 ಮುಗಿದಿತ್ತು. ಒಂದು ಮನೆಗೆ ಬೀಗ, ಫೋನ್ ಎತ್ತಲಿಲ್ಲ. ಗೋಡೌನಿಗೆ ವಾಪಸ್ ಹೊರಟೆವು. ಬೆಳಿಗ್ಗೆ ಬಂದದ್ದೂ ಅದೇ ರಸ್ತೆಯಲ್ಲಿ, ಅದೇ ಗಾಡಿ, ಅದೇ ಮನುಷ್ಯ. ಒಂದು ಅಡ್ಡರಸ್ತೆಯಲ್ಲಿ ಮುದುಕರೊಬ್ಬರು ದಾಟಲೋ ಬೇಡವೋ ಅಂತ ಒಂದು ಕಾಲು ಮುಂದಿಟ್ಟು ನಿಂತಿದ್ದರು. ಇವರು ದೂರದಿಂದಲೇ ನಿಧಾನ ಮಾಡಿ, ಪೂರ್ತಿ ನಿಲ್ಲಿಸಿ, ಕೈ ಸನ್ನೆ ಮಾಡಿದರು. ಹಿಂದಿನಿಂದ ಯಾರೋ ಹಾರ್ನ್ ಹೊಡೆದರು. ಇವರು ಕನ್ನಡಿ ನೋಡಿ, "ಏನ್ ಅರ್ಜೆಂಟೋ ಇವ್ರಿಗೆ" ಅಂದರು. ನಾನು ಜೋರಾಗಿ ನಕ್ಕುಬಿಟ್ಟೆ. ಯಾಕೆ ಅಂತ ಅವರಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು, ಆಮೇಲೆ ಅವರೂ ನಕ್ಕರು.

ಗೋಡೌನಿನಲ್ಲಿ ಉಳಿದ ಆ ಒಂದು ಡಬ್ಬವನ್ನು ಗೂಡಿನಲ್ಲಿಟ್ಟರು. ಫೋನ್ ಕುಂಯ್ ಅಂದಿತು. ನಾಳೆಯ ಪಟ್ಟಿ, 81. ಒಮ್ಮೆ ನೋಡಿ ಜೇಬಿಗೆ ಹಾಕಿಕೊಂಡು, ಎಡಗಾಲನ್ನು ಸ್ವಲ್ಪ ಎಳೆಯುತ್ತಾ ಗೇಟಿನ ಕಡೆ ನಡೆದರು.